ಗಣಕಕ್ಕೂ ಒಂದು ಮನೆಮಾತು

ಕಾಸರಗೋಡಿನ ಕನ್ನಡಿಗರಾದ ನಾವು ಲಿಪಿಯ ವಿಷಯದಲ್ಲಿ ಉದಾಸೀನರಾಗಿರಲು ಸಾಧ್ಯವಿಲ್ಲ. 1956ರ ರಾಜ್ಯ ಪುನರ್ವಿಂಗಡಣೆಯ ತರುವಾಯ ಅರ್ಜಿ, ಫಲಕ, ಪಠ್ಯಪುಸ್ತಕಗಳಲ್ಲಿ ಕನ್ನಡವನ್ನು ಉಳಿಸಿಕೊಳ್ಳಲು ಹಿರಿಯರು ಪಟ್ಟ ಪಾಡು ತಮಗೆಲ್ಲ ತಿಳಿದದ್ದೇ. ಆದುದರಿಂದ ನಮ್ಮ ವಾಚನಾಲಯಕ್ಕೆ ದಾನವಾಗಿ ಬಂದ ನಾಲ್ಕು ಹಳೆಯ ಗಣಕಗಳಲ್ಲಿ ಯಾವ ಕಾರ್ಯಾಚರಣ ವ್ಯವಸ್ಥೆಯನ್ನು ಅಳವಡಿಸಬೇಕೆಂಬುದು ಸಮಿತಿಯ ಮುಂದೆ ಬಂದಾಗ, ಅದನ್ನು ನಾವು ಕೇವಲ ತಂತ್ರಜ್ಞಾನದ ಪ್ರಶ್ನೆಯೆಂದು ಎಣಿಸಲಿಲ್ಲ.

ಸ್ವತಂತ್ರ ತಂತ್ರಾಂಶವೇ ಇರಲೆಂಬುದರಲ್ಲಿ ಒಮ್ಮತವಿತ್ತು. ಚರ್ಚೆಯಾದದ್ದು ವಿತರಣೆಯ ಬಗೆಗೆ. 1991ರಲ್ಲಿ ಲಿನಸ್ ಟೊರ್ವಾಲ್ಡ್ಸ್ ಆರಂಭಿಸಿದ ಲಿನಕ್ಸ್ ತಿರುಳು ಒಂದೇ. ಅದರ ಸುತ್ತ ಕಟ್ಟಿದ ವಿತರಣೆಗಳು ಹಲವು. ಒಂದೇ ಅಕ್ಕಿಯಿಂದ ನೀರುದೋಸೆಯೂ ಆಗುತ್ತದೆ, ಪುಂಡಿಯೂ ಆಗುತ್ತದೆ. ತರುಣರು ಫೆಡೋರಾ ಬೇಕೆಂದರು. ಅದು ಹೊಸತನಕ್ಕೆ ಹೆಸರಾದುದು. ಆದರೆ ಅದರ ಪ್ರತಿಯೊಂದು ಆವೃತ್ತಿಗೆ ದೊರೆಯುವ ಪೋಷಣೆ ಸುಮಾರು 13 ತಿಂಗಳು ಮಾತ್ರ. ವರ್ಷಕ್ಕೊಮ್ಮೆ ಗಣಕವನ್ನು ನವೀಕರಿಸಲು ನಮ್ಮಲ್ಲಿ ಜನರೆಲ್ಲಿ? ಉಬುಂಟುವಿನ ದೀರ್ಘಾವಧಿ ಆವೃತ್ತಿಗೆ 5 ವರ್ಷ ಭದ್ರತಾ ಪರಿಷ್ಕಾರಗಳು ಬರುತ್ತವೆ. ಕೇರಳದ ಶಾಲೆಗಳಿಗಾಗಿ ಕೈಟ್ ಸಂಸ್ಥೆ ರೂಪಿಸಿದ ವ್ಯವಸ್ಥೆಯೂ ಉಬುಂಟುವನ್ನೇ ಆಧರಿಸಿದೆ. ನಮ್ಮ ಮೊಮ್ಮಕ್ಕಳು ಕನ್ನಡ ಮಾಧ್ಯಮದ ಮಾಹಿತಿ ತಂತ್ರಜ್ಞಾನ ಪಾಠವನ್ನು ಕಲಿಯುವುದು ಅದರಲ್ಲಿಯೇ. ಕೆಟ್ಟರೆ ಸರಿಪಡಿಸಬಲ್ಲ ಅಧ್ಯಾಪಕರು ಪಕ್ಕದ ಶಾಲೆಯಲ್ಲಿಯೇ ಇದ್ದಾರೆ. 4 ಜಿಬಿ ಸ್ಮೃತಿಯುಳ್ಳ ಎರಡು ಗಣಕಗಳಿಗೆ ಅದನ್ನೇ ಆರಿಸಿದೆವು.

ಉಳಿದೆರಡರಲ್ಲಿ ಇದ್ದುದು 2 ಜಿಬಿ. ಅವುಗಳಿಗೆ ಡೆಬಿಯನ್ ಒಪ್ಪಿತು. ಒಂದಕ್ಕೆ ಎಕ್ಸ್‌ಎಫ್‌ಸಿಇ ಎಂಬ ಹಗುರವಾದ ಮೇಜುತೆರೆಯನ್ನು ಕೂಡಿಸಿದೆವು. ಇನ್ನೊಂದನ್ನು ತೆರೆಯೇ ಇಲ್ಲದ ಸರ್ವರ್ ಆಗಿಸಿ, ಪುಸ್ತಕಸೂಚಿಯನ್ನೂ ಸಂಘದ ದಾಖಲೆಗಳನ್ನೂ ಅದರಲ್ಲಿರಿಸಿದೆವು. ಸರ್ವರಿಗೆ ಬೇಕಾದುದು ಚೆಲುವಲ್ಲ, ನಂಬಿಕೆ. 2029ರವರೆಗೆ ನಡೆಯುವುದೆಂದು ಜನ ನೆಚ್ಚಿದ್ದ ಸೆಂಟ್‌ಓಎಸ್ 8ರ ಪೋಷಣೆ 2021ರ ಅಂತ್ಯಕ್ಕೇ ನಿಂತುಹೋಯಿತು. ಡೆಬಿಯನ್ ಒಂದು ಕಂಪನಿಯ ಸೊತ್ತಲ್ಲ. 1993ರಿಂದ ಸ್ವಯಂಸೇವಕರೇ ನಡೆಸಿಕೊಂಡು ಬಂದುದು. ಸಂಘವನ್ನು ನಡೆಸಿದವರಿಗೆ ಅದರ ಬೆಲೆ ತಿಳಿಯದೆ?

ಈ ಎಲ್ಲ ವಿತರಣೆಗಳಲ್ಲಿಯೂ ದೊರೆಯುವ ಇನ್‌ಸ್ಕ್ರಿಪ್ಟ್ ಕೀಲಿಮಣೆಯ ಒಂದು ಗುಣವನ್ನು ಇಲ್ಲಿ ಹೇಳಲೇಬೇಕು. ಅದರಲ್ಲಿ ಕನ್ನಡದ ಕಕಾರ ಇರುವ ಕೀಲಿಯಲ್ಲಿಯೇ ಮಲಯಾಳದ ಕಕಾರವೂ ಇದೆ. ಶಾಲೆಯಲ್ಲಿ ಮಲಯಾಳದಲ್ಲಿ ಬೆರಳು ಪಳಗಿಸಿಕೊಂಡ ಮಗು, ಭಾಷೆಯನ್ನು ಬದಲಿಸಿದೊಡನೆ ಕನ್ನಡವನ್ನೂ ಬರೆಯಬಲ್ಲುದು. ಎರಡು ಭಾಷೆಗಳ ನಡುವೆ ಬಾಳುವ ನಮಗೆ ಇದಕ್ಕಿಂತ ಒದಗುವ ಸೌಕರ್ಯ ಇನ್ನೇನಿದೆ?

ಆದರೆ ವ್ಯವಸ್ಥೆಯನ್ನು ಆರಿಸಿದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ದಿವಂಗತ ಸದಸ್ಯರೊಬ್ಬರು ಬೆರಳಚ್ಚಿಸಿಟ್ಟ ಯಕ್ಷಗಾನ ಪ್ರಸಂಗವೊಂದನ್ನು ತೆರೆದರೆ ಕಾಣುವುದು ರೋಮನ್ ಅಕ್ಷರಗಳ ಗೊಂದಲ ಮಾತ್ರ. ಅಂದಿನ ಅಕ್ಷರವಿನ್ಯಾಸವಿಲ್ಲದೆ ಅದು ಕನ್ನಡವಾಗದು. ಯುನಿಕೋಡಿಗೆ ಪರಿವರ್ತಿಸಿದರೆ ಬಹುಪಾಲು ಮರಳಿ ಬರುತ್ತದೆ. ಒತ್ತಕ್ಷರಗಳನ್ನು ಮಾತ್ರ ಕಣ್ಣಿಟ್ಟು ತಿದ್ದಬೇಕು. ಅಂತಹ ಕಡತಗಳು ನಮ್ಮಲ್ಲಿ ಇನ್ನೂ ಬಹಳ ಇವೆ. ಪದಗಳನ್ನು ಬಾಯಿಪಾಠವಾಗಿ ಬಲ್ಲ ಹಿರಿಯರು ತಿದ್ದಲಿ, ಕೀಲಿ ಬಲ್ಲ ಮಕ್ಕಳು ಒತ್ತಲಿ. ಸಂಘದ ಬಂಧುಗಳು ವಾರಕ್ಕೊಂದು ಗಂಟೆ ವಾಚನಾಲಯಕ್ಕೆ ಬರಬೇಕೆಂದು ನಮ್ಮ ಬಿನ್ನಹ.