ಕಮಂಡಲದ ತವರು

ಸೀಶೆಲ್ಸ್‌ನ ಪ್ರಾಸ್ಲಿನ್ ದ್ವೀಪದಿಂದ ಕ್ಯುರಿಯೂಸ್‌ಗೆ ಮೋಟಾರು ದೋಣಿಯಲ್ಲಿ ಕಾಲು ಗಂಟೆ ದಾರಿ. ಚಪ್ಪಲಿ ಕೈಯಲ್ಲಿ ಹಿಡಿದು, ಮೊಣಕಾಲುದ್ದದ ನೀರಿಗಿಳಿದು ದಡ ಹತ್ತುತ್ತಿದ್ದೆ. ಮರಳಿನಾಚೆ ಬಂಡೆಯೊಂದು ಮೆಲ್ಲಗೆ ಎದ್ದು ನಡೆಯಿತು!

ಅಲ್ಡಾಬ್ರಾದ ದೈತ್ಯ ಆಮೆ. ಗಂಡಾದರೆ ಎರಡು ಕ್ವಿಂಟಾಲ್ ಮೀರಿ ತೂಗುತ್ತದೆ. ಕತ್ತಿನ ಬುಡ ತುರಿಸಿದೆ. ಅರೆಗಣ್ಣು ಮುಚ್ಚಿ, ನಾಲ್ಕೂ ಕಾಲ ಮೇಲೆ ಸೆಟೆದು ನಿಂತು, ಸುಕ್ಕುಗಟ್ಟಿದ ಕತ್ತನ್ನು ಮೊಳದುದ್ದ ಹೊರಚಾಚಿತು. ಊರಲ್ಲಿ ಹಸುವಿನ ಗಂಗೆದೊಗಲು ನೀವಿದರೆ ಅದು ಮಾಡುವುದೂ ಹೀಗೆಯೇ. ಕೈ ತೆಗೆದರೆ, ಯಾಕೆ ನಿಲ್ಲಿಸಿದೆ ಎಂಬಂತೆ ನೋಡುತ್ತದೆ. ಹಿಂದೆ ಇಲ್ಲಿದ್ದ ಆಮೆಗಳೆಲ್ಲ ಹಡಗಿನವರ ಹೊಟ್ಟೆ ಸೇರಿದ್ದವು. ಈಗಿರುವುದು 1978ರಿಂದೀಚೆಗೆ ಸಾವಿರ ಕಿಲೋಮೀಟರಿಗೂ ದೂರದ ಅಲ್ಡಾಬ್ರಾದಿಂದ ತಂದು ಬಿಟ್ಟವುಗಳ ಸಂಸಾರ.

ದ್ವೀಪದ ಇನ್ನೊಂದು ಬದಿಗೆ ಕಾಂಡ್ಲಾ ಕಾಡಿನ ನಡುವೆ ಹಲಗೆ ಹಾಸಿದ ಹಾದಿ. ಕೆಳಗೆ ಕೆಸರಲ್ಲಿ ಏಡಿಗಳು. ಹೆಜ್ಜೆ ಸಪ್ಪಳಕ್ಕೆ ಬಿಲ ಸೇರಿ, ಮತ್ತೆ ಇಣುಕುತ್ತವೆ. ಹಾದಿ ಮುಗಿಯುವಲ್ಲಿ 1873ರಲ್ಲಿ ಕಟ್ಟಿದ ವೈದ್ಯರ ಮನೆ. 1965ರವರೆಗೂ ಈ ದ್ವೀಪದಲ್ಲಿ ಕುಷ್ಠರೋಗಿಗಳನ್ನು ತಂದು ಇರಿಸುತ್ತಿದ್ದರು. ಜಗುಲಿಯಲ್ಲಿ ಕೂತರೆ ಎದುರಿಗೇ ಪ್ರಾಸ್ಲಿನ್ ಗುಡ್ಡ. ಅಷ್ಟು ಹತ್ತಿರ ಕಾಣುವ ದಡಕ್ಕೆ ಹೋಗುವಂತಿಲ್ಲ ಅನ್ನುವುದು ಎಂಥ ಶಿಕ್ಷೆ!

ನಾನು ಬಂದದ್ದು ಮಾತ್ರ ಒಂದು ಕಾಯಿಗಾಗಿ. ಚಿಕ್ಕಂದಿನಲ್ಲಿ ಅಜ್ಜನ ಮನೆಗೆ ವರ್ಷಕ್ಕೊಮ್ಮೆ ಒಬ್ಬ ಸನ್ಯಾಸಿ ಬರುತ್ತಿದ್ದರು. ಆ ಕಾಯಿಯ ಕರಟದಿಂದಾದ ಅವರ ಕಮಂಡಲ ಕಡುಗಪ್ಪು, ನುಣುಪು. ‘ಇದರ ಮರ ಎಲ್ಲಿದೆ ಸ್ವಾಮಿ?’ ಎಂದರೆ, ‘ಸಮುದ್ರದ ತಳದಲ್ಲಿ, ಮಗು’ ಅನ್ನುತ್ತಿದ್ದರು. ಅವರು ಸುಳ್ಳು ಹೇಳಿದ್ದಲ್ಲ. ಶತಮಾನಗಳ ಕಾಲ ಲೋಕವೂ ಹಾಗೆಯೇ ನಂಬಿತ್ತು. ಮಾಲ್ಡೀವ್ಸ್‌ನಲ್ಲಂತೂ ದಡಕ್ಕೆ ಬಂದ ಇಂಥ ಕಾಯಿ ಯಾರಿಗೆ ಸಿಕ್ಕರೂ ರಾಜನ ಸ್ವತ್ತು. 1768ರಲ್ಲಿ ಫ್ರೆಂಚರು ಪ್ರಾಸ್ಲಿನ್‌ನಲ್ಲಿ ಮರ ಕಂಡ ಮೇಲೆ ಗುಟ್ಟು ಒಡೆಯಿತು. ಅವರ ಹಡಗೊಂದರ ಹೆಸರೇ ಕ್ಯುರಿಯೂಸ್‌ಗೆ ಉಳಿದಿದೆ. ಕೊಕೊ ಡಿ ಮೇರ್ ಎಂಬ ಈ ಮರ ತಾನಾಗಿ ಬೆಳೆಯುವುದು ಈ ಎರಡು ದ್ವೀಪಗಳಲ್ಲಿ ಮಾತ್ರ.

ಮರದ ಬುಡದಲ್ಲಿ ನಿಂತು ಕತ್ತೆತ್ತಿದೆ. ಬೀಸಣಿಗೆಯಂಥ ಗರಿಗಳ ಸಂದಿಯಲ್ಲಿ ಹಸಿರು ಕಾಯಿಗಳು. ಬಲಿಯಲು ಆರೇಳು ವರ್ಷ ಬೇಕು. ತೆಂಗಿನ ತೋಟದಲ್ಲಿ ಬೆಳೆದವನಿಗೆ ಕಾಯಿ ಬೀಳುವ ಭಯ ರಕ್ತದಲ್ಲೇ ಇರುತ್ತದೆ. ಎರಡು ಹೆಜ್ಜೆ ಪಕ್ಕಕ್ಕೆ ಸರಿದೆ.

ನೋಡಲೆಂದು ಇಟ್ಟಿದ್ದ ಒಂದು ಬೀಜವನ್ನು ಒಂದೇ ಕೈಯಲ್ಲಿ ಎತ್ತಹೋದೆ, ಮಿಸುಕಲಿಲ್ಲ. ಜೀವವಿರುವ ಬೀಜ ಇಷ್ಟು ಭಾರ, ನೀರಿಗೆ ಬಿದ್ದರೆ ಮುಳುಗುತ್ತದೆ. ಒಳಗಿನ ತಿರುಳು ಕೊಳೆತು ಟೊಳ್ಳಾದದ್ದಷ್ಟೇ ತೇಲುತ್ತದೆ, ಅದೇ ನಮ್ಮತ್ತ ಬರುತ್ತದೆ. ಬಂದದ್ದು ಮೊಳೆಯದು. ಹಾಗಾಗಿಯೇ ಆಚೆ ದಡದವರು ಮರ ಕಾಣಲಿಲ್ಲ, ಕಥೆ ಕಟ್ಟಿಕೊಂಡರು.

ಪಕ್ಕದಲ್ಲೇ ಒಂದು ಖಾಲಿ ಕರಟವಿತ್ತು. ಬೆರಳಿಂದ ತಟ್ಟಿದೆ. ತೀರ್ಥ ಮುಗಿದ ಮೇಲೆ ಸನ್ಯಾಸಿಗಳು ಕಮಂಡಲ ಜಗುಲಿಗಿಟ್ಟಾಗ ಕೇಳುತ್ತಿದ್ದ ಅದೇ ಮಂದ ಸದ್ದು.