ಬಾವಿ ಮುಚ್ಚಿದ ಮೇಲೆ

ಮಗಳನ್ನು ಪರವೂರಿಗೆ ಕೊಟ್ಟ ಮನೆಯವರು ಕಥೆ ಕೇಳುವ ಬಗೆಯೇ ಬೇರೆ. ಯುದ್ಧವನ್ನು ಯಾರು ಗೆದ್ದರೆಂದು ಕೇಳುವ ಮೊದಲೇ, ಹುಡುಗಿಯ ತವರಿನ ದಾರಿ ತೆರೆದಿದೆಯೇ ಎಂದು ನೋಡುತ್ತಾರೆ.

ಜಪಾನಿನ ಲೇಖಕಿ ರುಮಿಕೊ ತಕಹಾಶಿಯವರ ‘ಇನುಯಾಶ’ ಎಂಬ ಚಿತ್ರಕಥೆ 1996ರಲ್ಲಿ ಆರಂಭವಾಗಿ 2008ರಲ್ಲಿ ಮುಗಿಯಿತು. 56 ಸಂಪುಟಗಳಷ್ಟು ದೀರ್ಘ. ಅದರ ಚಲಚ್ಚಿತ್ರ ರೂಪವನ್ನು ಮೊಮ್ಮಕ್ಕಳು ಶಿಗ್ಗಾಂವಿಯ ನಮ್ಮ ಮನೆಯಲ್ಲಿ ನೋಡುತ್ತಿರಲು, ನಾವೂ ಬದಿಗೆ ಕುಳಿತೆವು. ಟೋಕಿಯೊದ 15 ವರ್ಷದ ಕಾಗೊಮೆ ತನ್ನ ಮನೆತನದ ದೇವಾಲಯದ ಹಳೆಯ ಬಾವಿಯ ಮೂಲಕ, ಸಾಮಂತರು ಕಾದಾಡುತ್ತಿದ್ದ ಸುಮಾರು 500 ವರ್ಷ ಹಿಂದಿನ ಕಾಲಕ್ಕೆ ಹೋಗುತ್ತಾಳೆ. ಅಲ್ಲಿ ದೈತ್ಯ ತಂದೆಗೂ ಮಾನವ ತಾಯಿಗೂ ಹುಟ್ಟಿದ ಇನುಯಾಶನ ಜೊತೆಯಾಗುತ್ತದೆ. ಶಾಲೆಯ ಪರೀಕ್ಷೆ ಬಂದಾಗ ಮತ್ತೆ ಮನೆಗೆ! ಈಕೆ ಕೊನೆಗೆ ಉಳಿಯುವುದೆಲ್ಲಿ? ಕಥೆ ಅರ್ಧದಲ್ಲಿರುವಾಗಲೇ ಚರ್ಚೆ ಹತ್ತಿತು.

“ಅಜ್ಜಾ, ಆ ಬಾವಿ ನಮ್ಮ ಹಾನಗಲ್ಲಿನಲ್ಲಿದ್ದಿದ್ದರೆ?” ಎಂದಳು ಮೊಮ್ಮಗಳು.

ಇದ್ದಿದ್ದರೆ ಕಥೆ ಕಠಿಣವಾಗುತ್ತಿತ್ತು. 1196ರಲ್ಲಿ ಹೊಯ್ಸಳ ವೀರಬಲ್ಲಾಳನು ಆನೆಕೆರೆಯ ಬಳಿ ಪಾಳೆಯವಿಳಿದು ಹಾನಗಲ್ಲಿಗೆ ಮುತ್ತಿಗೆ ಹಾಕಿದನು. ಕದಂಬ ಕಾಮದೇವನ ಸೇನಾಪತಿ ಸೋಹಣಿಯು ಮಗನೊಡನೆ ಹೋರಾಡಿ ಅವನನ್ನು ಆಗ ಹಿಮ್ಮೆಟ್ಟಿಸಿದನಾದರೂ ತಾನು ರಣದಲ್ಲಿ ಮಡಿದನು. ಇಂದಿನ ಹುಡುಗಿಯೊಬ್ಬಳು ಅದರ ಹಿಂದಿನ ದಿನ ಅಲ್ಲಿ ಮೇಲೆದ್ದರೆ, ಸೋಹಣಿಯ ಮನೆಯವರಿಗೆ ಏನೆಂದು ಹೇಳಬೇಕು? ಹೇಳಿದರೆ ಆತ ಉಳಿದಾನು, ಊರು ಬಿದ್ದೀತು. ತಕಹಾಶಿಯವರಿಗೆ ಈ ತೊಡಕಿಲ್ಲ; ಅವರ ದೈತ್ಯರ ಹೆಸರು ಯಾವ ಶಾಸನದಲ್ಲಿಯೂ ಇಲ್ಲ. “ಹೇಳಬಾರದು, ಗಾಯಗೊಂಡವರಿಗೆ ನೀರು ಕೊಟ್ಟು ಮನೆಗೆ ಬರಬೇಕು” ಎಂದು ಮೊಮ್ಮಗ ತೀರ್ಪಿತ್ತನು. ಆ ಕೊನೆ ನಮಗೆ ಒಪ್ಪಿಗೆಯಾಯಿತು.

ಜಪಾನಿನ ಕಥೆ ಹಾಗೆ ಮುಗಿಯಲಿಲ್ಲ. ವೈರಿ ಅಳಿದ ಮೇಲೆ ಬಾವಿ ಮೂರು ವರ್ಷ ಮುಚ್ಚಿಹೋಗುತ್ತದೆ. ಶಾಲೆ ಮುಗಿಸಿದ ಕಾಗೊಮೆಗೆ ಅದು ಮತ್ತೊಮ್ಮೆ ತೆರೆಯುತ್ತದೆ. ಅವಳು ಇನುಯಾಶನ ಬಳಿಗೆ ಹೋಗಿ ಅಲ್ಲಿಯೇ ನೆಲೆಸುತ್ತಾಳೆ. ತಾಯಿ ತಡೆಯುವುದಿಲ್ಲ. ಮೊಮ್ಮಗಳು ಹಿಗ್ಗಿದಳು.

ನಮ್ಮ ಮನೆಯವರು ಮಾತ್ರ ಹಿಗ್ಗಲಿಲ್ಲ. “ಆಕೆಗೊಬ್ಬ ತಮ್ಮನಿದ್ದಾನಲ್ಲ, ಪಂಚಮಿಗೆ ಅಕ್ಕನನ್ನು ಕರೆಯಲು ಅವನು ಎಲ್ಲಿಗೆ ಹೋಗಬೇಕು?” ಎಂದರು. ಅವರು ಸವಣೂರಿನಿಂದ ಈ ಮನೆಗೆ ಬಂದವರು. ನಮ್ಮ ಮಗಳು ಹಿರೇಕೆರೂರಿನ ಸೊಸೆ. ಶ್ರಾವಣದಲ್ಲಿ ಜೋಕಾಲಿ ಕಟ್ಟಿದರೂ ಅವಳು ಬರುವವರೆಗೆ ಯಾರೂ ಅದನ್ನು ಮುಟ್ಟುವುದಿಲ್ಲ.

ವರ್ಷಕ್ಕೊಮ್ಮೆ ಬರುವಂತಿದ್ದರೆ ಅವಳ ನಿರ್ಧಾರಕ್ಕೆ ಬೆಲೆಯೇನು ಎಂಬುದು ಮೊಮ್ಮಗಳ ವಾದ. ಅದರಲ್ಲಿ ಹುರುಳಿಲ್ಲದಿಲ್ಲ. “ದಾರಿ ತೆರೆದಿದ್ದರೂ ಹೊಸ್ತಿಲು ದಾಟುವಾಗ ನನಗೆ ಹಗುರವೆನಿಸಿರಲಿಲ್ಲ, ಕೂಸೇ” ಎಂದರು ಅಜ್ಜಿ. ಹುಡುಗಿ ಸ್ವಲ್ಪ ಹೊತ್ತು ಸುಮ್ಮನಿದ್ದು, ನೋಟಬುಕ್ಕು ತಂದು ಬೇರೊಂದು ಕೊನೆ ಬರೆಯತೊಡಗಿದಳು: ಶ್ರಾವಣದಲ್ಲಿ ಒಂದು ದಿನ ಬಾವಿ ತೆರೆಯುತ್ತದೆ. ಮರಳುವಾಗ ತಾಯಿ ಗಂಟಿನಲ್ಲಿ ಶೇಂಗಾ ಉಂಡಿ ಕಟ್ಟಿಕೊಡಬೇಕೋ, ಎಳ್ಳುಂಡಿಯೋ ಎಂಬುದು ಇನ್ನೂ ಇತ್ಯರ್ಥವಾಗಿಲ್ಲ.