ನಡುವೆ ಬಂದವಳು

ಮಗಳನ್ನು ಗಂಡನ ಮನೆಗೆ ಕಳಿಸುವಾಗ ಬುದ್ಧಿ ಹೇಳುವವರಿಗೆ ಬರವಿಲ್ಲ. ಎಷ್ಟು ಹೊತ್ತಿಗೆ ಏಳಬೇಕು, ಯಾರ ಮುಂದೆ ಎಷ್ಟು ನಗಬೇಕು ಎಂಬುದನ್ನೆಲ್ಲ ಓಣಿಯ ಹೆಂಗಸರು ಬಾಯಿಪಾಠ ಮಾಡಿಸಿಬಿಡುತ್ತಾರೆ. ಆದರೆ ಬಿ. ಎ. ಎರಡನೆಯ ವರ್ಷದಲ್ಲಿ ಕಾಲೇಜು ಬದಲಿಸಿ, ಆಗಲೇ ಒಂದು ವರ್ಷ ಕೂಡಿ ಉಂಡು, ಕೂಡಿ ಅತ್ತು, ಜಗಳವಾಡಿ ಒಂದಾಗಿರುವ ಹುಡುಗಿಯರ ವಸತಿಗೃಹಕ್ಕೆ ಹೊಸಬಳಾಗಿ ಹೋಗುವವಳಿಗೆ ಏನೆಂದು ಹೇಳಿಕೊಡಬೇಕು? ಖಾನಾಪುರದ ಆ ಸೋದರತ್ತೆಗೆ ಇದು ತಿಳಿಯದೆ ಹೋಯಿತು.

ಹುಡುಗಿಯ ಊರು ತಾಲೂಕಿನ ಪಡುವಲಿಗೆ, ಕಾಡಿನ ಸೆರಗಿನಲ್ಲಿ. ಮಳೆಗಾಲ ಹಿಡಿಯಿತೆಂದರೆ ಅಲ್ಲಿಗೆ ಬಸ್ಸು ಬರುವುದು ದೇವರ ಚಿತ್ತ. ಅದಕ್ಕೆಂದೇ ಅವಳು ಖಾನಾಪುರದ ಅತ್ತೆಯ ಮನೆಯಲ್ಲಿದ್ದು ಮೊದಲನೆಯ ವರ್ಷ ಮುಗಿಸಿದ್ದಳು. ಅಷ್ಟರಲ್ಲಿ ಮಾವನವರಿಗೆ ದೂರದ ಊರಿಗೆ ವರ್ಗವಾಯಿತು. ಇನ್ನುಳಿದದ್ದು ಬೆಳಗಾವಿಯ ದಾರಿ. ದೂರವೇನಲ್ಲ, ಸುಮಾರು 26 ಕಿಲೋಮೀಟರು. ರೈಲಿನಲ್ಲಿ ಕುಳಿತು ಇದಲಹೊಂಡ, ದೇಸೂರು ಎಂದು ಎಣಿಸುವಷ್ಟರಲ್ಲಿ ಬೆಳಗಾವಿ ಬಂದುಬಿಡುತ್ತದೆ. ಕಾಗದಪತ್ರದ ತೊಡಕೂ ಹೆಚ್ಚಿರಲಿಲ್ಲ. 2010ರಲ್ಲಿ ಬೆಳಗಾವಿಯಲ್ಲಿಯೇ ರಾಣಿ ಚೆನ್ನಮ್ಮ ವಿಶ್ವವಿದ್ಯಾಲಯವಾದ ಮೇಲೆ ಎರಡೂ ಊರಿನ ಕಾಲೇಜುಗಳು ಅದರ ಕೈಕೆಳಗಿನವೇ. ಅಂಕಪಟ್ಟಿ, ವರ್ಗಾವಣೆಯ ಪತ್ರ, ನಾಲ್ಕಾರು ಸಹಿ; ಇಷ್ಟಾದರೆ ಮುಗಿಯಿತು. 1933ರಲ್ಲಿ ಲಿಂಗರಾಜ ಕಾಲೇಜು, 1945ರಲ್ಲಿ ರಾಣಿ ಪಾರ್ವತಿದೇವಿ ಕಾಲೇಜು ತೆರೆದಂದಿನಿಂದ ಸುತ್ತಲಿನ ಹಳ್ಳಿಗಳ ಮಕ್ಕಳನ್ನು ಕರೆದುಕೊಳ್ಳುತ್ತ ಬಂದ ಊರು ಅದು. ಕಾಲೇಜಿನಲ್ಲಿ ಸ್ಥಳ ದೊರೆಯಿತು. ದೊರೆಯದೆ ಉಳಿದದ್ದು ಮಲಗುವ ಸ್ಥಳ.

ಟಿಳಕವಾಡಿಯ ಒಂದು ವಸತಿಗೃಹದಲ್ಲಿ ಒಂದೇ ಮಂಚ ತೆರವಾಗಿತ್ತು. ಮೇಲ್ವಿಚಾರಕಿ ನೇರವಾಗಿ ಹೇಳಿದರು: “ಆ ಕೋಣೆಯೊಳಗ ಮೂರು ಹುಡುಗೇರು ಇದ್ದಾರ. ಐತವಾರ ಬಂದು ಭೆಟ್ಟಿ ಆಗಲಿ. ಅವರು ಹೂಂ ಅಂದರ ನಂದೇನೂ ತಕರಾರಿಲ್ಲ.”

ಇನ್ನೊಬ್ಬಳ ಓದನ್ನು ಮೂವರು ಹುಡುಗಿಯರ ಮರ್ಜಿಗೆ ಒಪ್ಪಿಸುವುದು ನ್ಯಾಯವೇ ಎಂದು ಕೇಳಬಹುದು. ನ್ಯಾಯವಲ್ಲ. ಆದರೆ ಈ ಪದ್ಧತಿ ನಮ್ಮಲ್ಲಿಯೇ ಹುಟ್ಟಿದ್ದೂ ಅಲ್ಲ. ಅಮೆರಿಕದ ಕಾಲೇಜುಗಳಲ್ಲಿ ‘ಸೊರಾರಿಟಿ’ ಎಂಬ ವಿದ್ಯಾರ್ಥಿನಿಯರ ಸಂಘಗಳಿವೆ. 1874ರಲ್ಲಿ ಸಿರಕ್ಯೂಸಿನ ವಿದ್ಯಾರ್ಥಿನಿಯರು ಕಟ್ಟಿಕೊಂಡ ಸಂಘಕ್ಕಾಗಿ ಅಲ್ಲಿಯ ಲ್ಯಾಟಿನ್ ಪ್ರಾಧ್ಯಾಪಕ ಫ್ರ್ಯಾಂಕ್ ಸ್ಮಾಲಿ ಆ ಶಬ್ದವನ್ನು ಸೂಚಿಸಿದರೆಂದು ಹೇಳುತ್ತಾರೆ. ಲ್ಯಾಟಿನ್ನಿನಲ್ಲಿ ‘ಸೊರೋರ್’ ಎಂದರೆ ಸಹೋದರಿ. ಆದರೆ ಈ ಸಹೋದರಿಯರು ಹುಟ್ಟಿನಿಂದ ಬಂದವರಲ್ಲ, ಆರಿಸಿಕೊಂಡವರು. ಹೊಸ ಹುಡುಗಿಯರು ದಿನಗಟ್ಟಲೆ ಸಂಘದಿಂದ ಸಂಘಕ್ಕೆ ಹೋಗಿ ಮಾತನಾಡುತ್ತಾರೆ. ಕೊನೆಗೆ ಇವರ ಇಷ್ಟ, ಅವರ ಇಷ್ಟ ಎರಡನ್ನೂ ಹೋಲಿಸಿ ನೋಡಿ ಕರೆ ಬರುತ್ತದೆ. ಬೇರೆ ಕಾಲೇಜಿನಿಂದ ನಡುವೆ ಬಂದವಳು ಹಿಂದಿನ ಕಾಲೇಜಿನ ಅಂಕಗಳನ್ನೂ ತೋರಿಸಬೇಕಾಗುತ್ತದೆ. ನಮ್ಮ ಕನ್ಯಾಪರೀಕ್ಷೆಯನ್ನು ನೋಡಿದವರಿಗೆ ಇದರಲ್ಲಿ ಹೊಸದೇನೂ ಕಾಣದು. ಅಲ್ಲಿ ಉಪ್ಪಿಟ್ಟಿನ ತಟ್ಟೆಯಿಲ್ಲ, ಅಷ್ಟೆ.

ಅತ್ತೆಯೂ ಇದನ್ನು ಕನ್ಯಾಪರೀಕ್ಷೆಯೆಂದೇ ತಿಳಿದರು. ಐತವಾರಕ್ಕೆ ಇನ್ನು ಆರು ದಿನ. ಬೈಲಹೊಂಗಲ, ಸವದತ್ತಿಯ ಕಡೆಯ ಹುಡುಗಿಯರಿದ್ದರೆ ಜೋಳದ ರೊಟ್ಟಿಯ ಮಾತು ಬಂದೇ ಬರುತ್ತದೆಂದು, ಅನ್ನವುಂಡು ಬೆಳೆದ ಹುಡುಗಿಯ ಕೈಯಿಂದ ದಿನಕ್ಕೆ ಹತ್ತು ರೊಟ್ಟಿ ಬಡಿಸಿದರು. ಮೊದಲ ದಿನದ ರೊಟ್ಟಿಗಳು ದನಕ್ಕೆ ಹೋದವು. ಮಾತಿನ ತಿದ್ದುಪಡಿಯೂ ನಡೆಯಿತು. ಮನೆಯಲ್ಲಿ ಕನ್ನಡ, ಓಣಿಯಲ್ಲಿ ಮರಾಠಿಯಾಗಿ ಬೆಳೆದವಳ ಬಾಯಲ್ಲಿ ‘ಹೌದು’ ಎನ್ನಬೇಕಾದಲ್ಲೆಲ್ಲ ‘ಹೋ’ ಬರುತ್ತಿತ್ತು.

“ಅಲ್ಲಿ ಹೋಗಿ ಹೋ, ಹೋ ಅಂತ ದನ ಹೊಡದಂಗ ಮಾಡಬ್ಯಾಡ. ಹೌದ್ರೀ ಅನ್ನು.”

“ಹೋ ಅತ್ತಿ.”

ಮಾವನವರು ಸಾಮಾನ್ಯ ಜ್ಞಾನದ ಪುಸ್ತಕ ತಂದುಕೊಟ್ಟರು. ಯಾಕೆಂದು ಅವರಿಗೂ ಗೊತ್ತಿರಲಿಲ್ಲ. ರಾತ್ರಿ ಹುಡುಗಿಗೆ ನಿದ್ರೆ ಹತ್ತುತ್ತಿರಲಿಲ್ಲ. ಹುಡುಗಿಯರು ಒಲ್ಲೆನೆಂದರೆ ಊರಿಗೆ ಮರಳಬೇಕು. ಊರಿನಲ್ಲಿ ಅಪ್ಪನ ಕಿವಿಗೆ ಆಗಲೇ ಒಂದು ವರನ ಸುದ್ದಿ ಬಿದ್ದಿತ್ತು. ಒಮ್ಮೆ ಬಿಟ್ಟ ಕಾಲೇಜು ಹುಡುಗಿಗೆ ಎರಡನೆಯ ಸಲ ತೆರೆಯುವುದು ಅಪರೂಪವೆಂಬುದನ್ನು ಯಾರೂ ಅವಳಿಗೆ ಹೇಳಬೇಕಾಗಿರಲಿಲ್ಲ.

ಬರಿಗೈಯಲ್ಲಿ ಹೋಗಬಾರದೆಂದು ಅತ್ತೆ ಒಂದು ಮಣ್ಣಿನ ಹೂಜಿ ಕೊಂಡು ಕೊಟ್ಟರು. ಖಾನಾಪುರದ ಮಣ್ಣು ಹಂಚಿಗೂ ಗಡಿಗೆಗೂ ಹೆಸರಾದದ್ದು. ಹುಡುಗಿ ಅದನ್ನು ರೈಲಿನಲ್ಲಿ ಕೂಸಿನಂತೆ ತೊಡೆಯ ಮೇಲಿಟ್ಟುಕೊಂಡು ತಂದಳು.

ಕೋಣೆಯಲ್ಲಿ ಮೂವರೂ ಇದ್ದರು. ರೊಟ್ಟಿಯ ಮಾತು ಯಾರೂ ಎತ್ತಲಿಲ್ಲ. ಸಾಮಾನ್ಯ ಜ್ಞಾನವಂತೂ ಕಲಿತಂತೆಯೇ ಉಳಿಯಿತು. ದೀಪ ಹಚ್ಚಿಕೊಂಡು ಎಷ್ಟು ಹೊತ್ತು ಓದುತ್ತಿ ಎಂದು ಒಬ್ಬಳು ಕೇಳಿದಳು, ಅಷ್ಟೆ. ಆಮೇಲೆ ಮಾತೇ ಇಲ್ಲ. ತೆರವಾದ ಮಂಚದ ಮೇಲಿನ ಗೂಟಕ್ಕೆ ಒಂದು ಬಟ್ಟೆಯ ಚೀಲ ಇನ್ನೂ ತೂಗುತ್ತಿತ್ತು. ಅದು ಯಾರದೆಂದು ಹುಡುಗಿ ಕೇಳಿದಳು. ಹಿರಿಯವಳು ಹೇಳಿದಳು: ಮೊದಲಿದ್ದ ಗೆಳತಿಯದು. ಬೇಸಿಗೆಯಲ್ಲಿ ಮದುವೆಯಾಯಿತು, ಕಾಲೇಜು ಬಿಡಿಸಿದರು. ಎರಡು ವಿಷಯ ಬಾಕಿಯಿವೆ, ಗಂಡನ ಮನೆಯವರು ಬಿಟ್ಟರೆ ಪರೀಕ್ಷೆಗೆ ಬರುತ್ತಾಳೆ.

ಕಲಿತುಬಂದ ಮಾತೊಂದೂ ಇಲ್ಲಿಗೆ ಒದಗುವಂತಿರಲಿಲ್ಲ. ಹುಡುಗಿ ಚೀಲವನ್ನೇ ನೋಡುತ್ತ ನಿಂತಳು.

“ಅವರು ಬಂದರ ಇದೇ ಮಂಚದ ಮ್ಯಾಲೆ ಮಲಗಲಿ, ಅಕ್ಕಾ. ನಾ ಕೆಳಗ ಚಾಪಿ ಹಾಸಿಕೊಳ್ತೀನಿ. ಆ ಚೀಲಾ ಅಲ್ಲೇ ಇರಲಿ, ನನಗ ಮೊಳಿ ಸಾಕು.”

ಯಾರೂ ಉತ್ತರ ಕೊಡಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಹಿರಿಯವಳು ಎದ್ದು ಹೂಜಿಯನ್ನು ಮುಟ್ಟಿ ನೋಡಿದಳು.

“ಇದರಾಗ ನೀರು ತಂಪ ಇರತಾವೇನು?”

“ಹೋ,” ಎಂದುಬಿಟ್ಟಳು ಹುಡುಗಿ. ಮೂವರಿಗೂ ನಗೆ ತಡೆಯಲಿಲ್ಲ.

ಮುಂದಿನ ಐತವಾರ ಅವಳ ಟ್ರಂಕು ಬಂತು. ಪರೀಕ್ಷೆಯ ಹೊತ್ತಿಗೆ ಚೀಲದವಳೂ ಬಂದಳು. ಹುಡುಗಿ ಹೇಳಿದಂತೆ ಚಾಪೆ ಬಿಡಿಸಿದಳು. ಬಂದವಳು ಮಂಚ ಒಲ್ಲೆನೆಂದು ತಾನೂ ಕೆಳಗೇ ಕುಳಿತಳು. ಯಾರು ಮೇಲೆ, ಯಾರು ಕೆಳಗೆ ಎಂಬ ವಾದ ರಾತ್ರಿಯ ಗಾಡಿ ಟಿಳಕವಾಡಿಯ ಗೇಟು ದಾಟುವವರೆಗೂ ನಡೆದಿತ್ತು.